ಕೈಗುಣದ ಪರೀಕ್ಷೆ

ದಾದರಿನ ಕನ್ನಡ ಶಾಲೆಯಲ್ಲಿ ನಾನು ವಿಜ್ಞಾನದ ಟೀಚರು. ಪ್ರಯೋಗವೆಂದರೇನು ಎಂದು ವರ್ಷವರ್ಷವೂ ಗಂಟಲು ಹರಿದುಕೊಳ್ಳುತ್ತಿದ್ದೆ: ನಾವು ಬೇಕೆಂದೇ ಬದಲಾಯಿಸುವುದು ಸ್ವತಂತ್ರ ಚರ, ಅದರಿಂದಾಗಿ ಬದಲಾಗುವುದು ಅವಲಂಬಿತ ಚರ, ಮಿಕ್ಕಿದ್ದೆಲ್ಲ ನಿಯಂತ್ರಿತ ಚರ, ಅದನ್ನು ಅಲುಗಾಡಿಸಬಾರದು. ಮನೆಯಲ್ಲಿ ಮಾತ್ರ ನನ್ನ ಇಡ್ಲಿ ಕಲ್ಲಾಗುತ್ತಿತ್ತು.

ಮೈಸೂರಿನಿಂದ ಬಂದು ಚೆಂಬೂರಿನ ನಮ್ಮ ಮನೆಯಲ್ಲೇ ಉಳಿದಿದ್ದ ಅತ್ತೆ ಇದಕ್ಕೆ ಕಾರಣ ಕಂಡುಹಿಡಿದಿದ್ದರು. ಹಿಟ್ಟು ಕಲೆಸುವ ನನ್ನ ಕೈಗೆ ಗುಣವಿಲ್ಲವಂತೆ. ಬಿಲ್ಡಿಂಗಿನವರಿಗೆಲ್ಲ ಅದನ್ನು ಸಾರಿಯೂ ಆಗಿತ್ತು. ನನಗೆ ಮೈಯೆಲ್ಲ ಉರಿಯಿತು. ಪರೀಕ್ಷೆ ಮಾಡಿಯೇ ಬಿಡೋಣ, ಸೋತರೆ ಇನ್ನು ಹಿಟ್ಟಿನ ತಂಟೆಗೇ ಬರುವುದಿಲ್ಲ ಎಂದೆ.

ಒಂದೇ ಅಕ್ಕಿ, ಒಂದೇ ಉದ್ದು, ಒಂದೇ ಮಿಕ್ಸಿ, ಒಂದೇ ಅಳತೆಯ ಪಾತ್ರೆಗಳು. ಒಂದನ್ನು ಅತ್ತೆ ಕಲೆಸಿದರು, ಇನ್ನೊಂದನ್ನು ನಾನು. ಬದಲಾಗಿದ್ದು ಕೈ ಮಾತ್ರ. ನೋಡಬೇಕಾದ್ದು ಹಿಟ್ಟು ಎಷ್ಟು ಉಬ್ಬಿತೆಂದು. ಬೆಳಿಗ್ಗೆ ಅವರ ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು. ನನ್ನದು ಇಟ್ಟ ಹಾಗೇ ಇತ್ತು. ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸಿದರು.

ಸ್ಕೂಲಿಗೆ ಹೋಗುವ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಿಂತಿದ್ದಾಗ ಹೊಳೆಯಿತು. ಮಡಿಯಲ್ಲಿದ್ದ ಅತ್ತೆ ತಮ್ಮ ಪಾತ್ರೆಯನ್ನು ನನ್ನದಕ್ಕೆ ತಗಲಿಸದೆ ದೇವರ ಗೂಡಿನಲ್ಲಿ, ನಂದಾದೀಪದ ಪಕ್ಕ ಇಟ್ಟಿದ್ದರು. ನನ್ನದು ಜನವರಿಯ ಗಾಳಿ ಬೀಸುವ ಕಿಟಕಿಯ ಕಟ್ಟೆಯ ಮೇಲಿತ್ತು. ಗೆದ್ದದ್ದು ಅವರ ಕೈಯಲ್ಲ, ದೀಪದ ಬಿಸಿ.

ಮತ್ತೆ ರುಬ್ಬಿದ ಸಂಜೆ, ನನ್ನ ಪಾತ್ರೆಯೂ ದೀಪದ ಪಕ್ಕದಲ್ಲೇ ಇರಬೇಕೆಂದು ಹಟ ಹಿಡಿದೆ.

“ಲೋಕಲ್‌ನಲ್ಲಿ ಯಾರ್ಯಾರನ್ನೋ ಮುಟ್ಕೊಂಡು ಬಂದಿದೀಯ. ಆ ಕೈಯಲ್ಲಿ ಕಲೆಸಿದ್ದು ದೇವರ ಹತ್ರ ಬರಲ್ಲ,” ಎಂದರು ಅತ್ತೆ.

ವಿಜ್ಞಾನಕ್ಕಾಗಿ ಮಡಿಗೂ ಸಿದ್ಧಳಾದೆ. ತಣ್ಣೀರು ಸುರಿದುಕೊಂಡು, ಯಾರೂ ಮುಟ್ಟದಂತೆ ಒಣಹಾಕಿದ್ದ ಅವರದೇ ಸೀರೆ ಉಟ್ಟು, ಗಡಗಡ ನಡುಗುತ್ತ ಹಿಟ್ಟು ಕಲೆಸಿದೆ. ಎರಡೂ ಪಾತ್ರೆ ದೀಪದ ಅಕ್ಕಪಕ್ಕ ಕೂತವು. ಬೆಳಿಗ್ಗೆ ಎರಡೂ ಒಂದೇ ಸಮ ಉಬ್ಬಿದ್ದವು. ಗೆದ್ದೆನೆಂದು ಅತ್ತೆಯ ಕಡೆ ನೋಡಿದೆ. ಅವರ ಮುಖ ನನ್ನದಕ್ಕಿಂತ ಹೆಚ್ಚು ಅರಳಿತ್ತು.

“ನೋಡಿದ್ಯಾ? ಮಡೀಲಿ ಕಲೆಸಿದ್ರೆ ನಿನ್ ಕೈಗೂ ಗುಣ ಬರತ್ತೆ.”

ಜಾಗವನ್ನೂ ಮಡಿಯನ್ನೂ ಒಟ್ಟಿಗೇ ಬದಲಾಯಿಸಿಬಿಟ್ಟಿದ್ದೆ; ಹಿಟ್ಟು ಉಬ್ಬಿಸಿದ್ದು ಯಾವುದೆಂದು ಹೇಳುವ ಹಾಗೇ ಇರಲಿಲ್ಲ. ಇಂಥ ಪ್ರಯೋಗ ಬರೆದ ಮಕ್ಕಳಿಗೆ ನಾನೇ ಸೊನ್ನೆ ಹಾಕುತ್ತಿದ್ದೆ. ಅಂದಿನಿಂದ ಹಿಟ್ಟಿನ ಅಧಿಕಾರ ನನ್ನ ಕೈಗೆ ಬಂತು, ಜೊತೆಗೆ ಚಳಿಗಾಲವಿಡೀ ತಣ್ಣೀರು ಸ್ನಾನವೂ.