ನೀರು ಹುಡುಕುವ ಪೇಸ್ಟು

ಪೆಟ್ರೋಲಿನ ವಾಸನೆ ಚೆಂದ ಎನ್ನುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಗಾಡಿಗೆ ಹಾಕಿಸಿಕೊಳ್ಳುವ ಹೊತ್ತು ಮೂಗರಳಿಸಿ ನಿಂತು ಹೋಗುವವರಿಗೇನು, ಅವರದು ಗಳಿಗೆಯ ಸುಖ. ಭಾಲ್ಕಿಯ ಒಂದು ಪೆಟ್ರೋಲ್ ಪಂಪಿನ ಆಫೀಸಿನಲ್ಲಿ ಲೆಕ್ಕ ಬರೆಯುತ್ತ ನನ್ನ ಪ್ರಾಯವೆಲ್ಲ ಕಳೆದಿದೆ. ಸೀರೆಗೆ, ಊಟದ ಡಬ್ಬಿಗೆ, ತಲೆಗೂದಲಿಗೆ ಆ ವಾಸನೆ ಹತ್ತಿ ಕೂತಿದೆ. ರಜೆಯ ದಿನ ರೊಟ್ಟಿ ಬಡಿಯುವಾಗಲೂ ಕೈಯಿಂದ ಅದೇ ಬರುತ್ತದೆ. ಗಂಡ ಮೊದಮೊದಲು ತಮಾಷೆ ಮಾಡುತ್ತಿದ್ದರು, ಈಗ ಸುಮ್ಮನೆ ಉಣ್ಣುತ್ತಾರೆ.

ವಿಚಿತ್ರವೆಂದರೆ ನಮ್ಮ ಆಫೀಸಿನೊಳಗೆ ಪೆಟ್ರೋಲ್ ಎಂಬ ಮಾತೇ ಇಲ್ಲ. ಪೆಟ್ರೋಲಿಗೆ ಎಂಎಸ್, ಡೀಸೆಲಿಗೆ ಎಚ್‌ಎಸ್‌ಡಿ, ಎರಡೂ ಸೇರಿದರೆ ಪ್ರಾಡಕ್ಟ್. ಟ್ಯಾಂಕರ್ ಬಂದರೆ ಲೋಡ್ ಬಂತು. ಪೈಪು ಹಚ್ಚಿ ನೆಲದೊಳಗಿನ ಟ್ಯಾಂಕಿಗೆ ಇಳಿಸಿದರೆ ಡಿಕ್ಯಾಂಟ್ ಆಯಿತು. ಲೆಕ್ಕಕ್ಕೆ ಕಡಿಮೆ ಬಿದ್ದರೆ ಕಡಿಮೆ ಬಿತ್ತು ಅನ್ನುವಂತಿಲ್ಲ, ಅದು ವೇರಿಯೇಷನ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ತವರಿಗೆ ಹೋದಾಗ ಆಡಿ ಮೆರೆದಿದ್ದೆ. ಅವ್ವ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

ಇವುಗಳಲ್ಲಿ ನನಗೆ ಹಿಡಿಸಿದ್ದು ಬೆಳಗಿನ ಡಿಪ್ ಒಂದೇ. ಅಂಗಳದ ಕಬ್ಬಿಣದ ಮುಚ್ಚಳ ತೆಗೆದು, ಉದ್ದನೆಯ ಹಿತ್ತಾಳೆ ಕೋಲನ್ನು ಟ್ಯಾಂಕಿಗೆ ಇಳಿಸಿ ಎಷ್ಟಿದೆ ಎಂದು ನೋಡುವುದು. ಇಳಿಸುವ ಮೊದಲು ಕೋಲಿನ ತುದಿಗೆ ಒಂದು ಪೇಸ್ಟು ಸವರುತ್ತಾರೆ. ಪೆಟ್ರೋಲು ತಗುಲಿದರೆ ಅದು ಇದ್ದ ಹಾಗೇ ಇರುತ್ತದೆ, ನೀರು ತಗುಲಿದರೆ ಕೆಂಪಾಗುತ್ತದೆ. ಕೆಂಪಾಯಿತೋ, ಪಂಪಿನಲ್ಲಿ ಸಾವಿನ ಮನೆಯ ಗದ್ದಲ. ಮಾರಾಟ ಬಂದ್, ಕಂಪನಿಗೆ ಫೋನು, ಮಾಲೀಕರ ಬಿಪಿ ಏರು. ನೀರು ಕಂಡರೆ ಅದರ ಜೊತೆ ಸೇರಿ ತಳಕ್ಕಿಳಿಯುವ ಎಥನಾಲನ್ನು ಪೆಟ್ರೋಲಿಗೆ ಬೆರೆಸಲು ಶುರುವಾದ ಮೇಲಂತೂ ನೀರೆಂದರೆ ಇವರಿಗೆ ಹಾವು ಕಂಡಂತೆ.

ನನ್ನ ತವರು ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿನಿಂದ ಒಳಗೆ. ತೊಗರಿ, ಸೋಯಾ ಬೆಳೆಯುವ ಹೊಲ, ಕುರಿ ಹಟ್ಟಿ, ಹಟ್ಟಿಯ ಪಕ್ಕಕ್ಕೆ ಬಾವಿ. ಅವ್ವನದೊಂದು ಪದ್ಧತಿ. ಬೆಳಿಗ್ಗೆ ಸೇದಿದ ಮೊದಲ ನೀರು ಕಲ್ಲಿನ ದೋಣಿಗೆ, ಕುರಿಗಳಿಗೆ. ಅವು ಕುಡಿದ ಮೇಲೆಯೇ ಅಡುಗೆಮನೆಯ ಕೊಡ ತುಂಬಬೇಕು. ಕುರಿ ಮೂಸಿ ಬಿಟ್ಟ ನೀರನ್ನು ನಮ್ಮ ಮನೆಯಲ್ಲಿ ಯಾರೂ ಕುಡಿದಿಲ್ಲ. ಅವ್ವನ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ.

ಆ ಬಾವಿಯ ಮೇಲ್ಗಡೆ, ಏರಿನಲ್ಲಿ, ರಸ್ತೆ ಅಗಲವಾದ ಮೇಲೆ ಒಂದು ಪೆಟ್ರೋಲ್ ಪಂಪು ಎದ್ದಿತು. ಬಣ್ಣದ ಚಪ್ಪರ, ಹಗಲಲ್ಲೂ ಉರಿಯುವ ದೀಪ. ಊರಿನವರು ಖುಷಿಪಟ್ಟರು, ನಾನೂ ಪಟ್ಟೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವನ ಫೋನು ಬಂತು.

"ಕುರಿ ನೀರ ಕುಡಿವಲ್ಲವು. ದೋಣಿ ತನ ಹೋಗ್ತಾವ, ಮೂಸ್ತಾವ, ಹೊಳ್ಳಿ ಬರ್ತಾವ. ನೀ ಅದೇ ಮಂದಿ ಕೂಡ ಕೆಲ್ಸ ಮಾಡ್ತಿ, ಅವ್ರ ಮಾತ ನಿನಗ ತಿಳಿತದ. ಜರಾ ಬಂದ್ ಹೋಗು."

ಅವ್ವನ ಅವಸರಕ್ಕೆ ಕಾರಣವಿತ್ತು. ನನ್ನ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಹೆಣ್ಣುಮಗುವನ್ನು ಹಡೆದಿದ್ದಳು. ಗಂಗಿಪೂಜೆ ಹತ್ತಿರ ಬಂದಿತ್ತು. ನಮ್ಮಲ್ಲಿ ಬಾಣಂತಿ ಕೋಣೆಯಿಂದ ಹೊರಬಿದ್ದು ಮೊದಲು ಹೋಗುವುದು ಬಾವಿಗೆ. ಅರಿಶಿನ ಕುಂಕುಮ ಏರಿಸಿ, ದೀಪ ಬೆಳಗಿ, ತಾನೇ ನೀರು ಸೇದಿ ಕೊಡ ಹೊತ್ತು ಮನೆಗೆ ತರಬೇಕು. ಆ ನೀರು ಒಳಗೆ ಬಂದ ಮೇಲೆಯೇ ಅವಳು ಒಲೆ ಮುಟ್ಟುವುದು. ನನ್ನ ಎರಡು ಬಾಣಂತನದಲ್ಲೂ ನಾನು ಆ ಬಾವಿಯ ನೀರನ್ನೇ ಹೊತ್ತಿದ್ದೆ.

ಹೋಗಿ ನೋಡಿದರೆ ನೋಡುವಂತಿರಲಿಲ್ಲ. ನೀರಿನ ಮೇಲೆ ನವಿಲುಬಣ್ಣದ ತೆಳ್ಳನೆಯ ಪೊರೆ ತೇಲುತ್ತಿತ್ತು. ಹಗ್ಗ ಜಿಡ್ಡು ಜಿಡ್ಡು. ಕೊಡ ಮೇಲೆ ಬಂದಾಗ ಬಂದ ವಾಸನೆ ನನ್ನ ಆಫೀಸಿನದೇ. ಭಾಲ್ಕಿಯಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದ ವಾಸನೆ ನನಗಿಂತ ಮೊದಲೇ ತವರು ಸೇರಿತ್ತು. ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

ಪಂಪಿನ ಮಾಲೀಕ ತಿರುಗುವ ಕುರ್ಚಿಯಲ್ಲಿ ಕೂತು, ಚಹಾ ತರಿಸಿ, ಮರ್ಯಾದೆಯಿಂದಲೇ ಮಾತಾಡಿದ. ನಾನು ಅದೇ ಧಂದೆಯವಳೆಂದು ತಿಳಿದು ಇನ್ನಷ್ಟು ಸಲಿಗೆ.

"ನಮ್ ಟ್ಯಾಂಕ್ ಹೊಸಾದ ಅದ ಅಕ್ಕಾವ್ರ. ಆಟೋಮ್ಯಾಟಿಕ್ ಗೇಜ್ ಕೂಡ್ಸೇವಿ. ವೇರಿಯೇಷನ್ ಎಲ್ಲಾ ಲಿಮಿಟ್‌ನ್ಯಾಗೇ ಅದ. ಕುರಿ ನೀರ ಕುಡಿವಲ್ಲವು ಅಂತ ಕಂಪನಿಗಿ ಹ್ಯಾಂಗ್ ಬರೀಲ್ರಿ? ನಗ್ತಾರ ಅವ್ರು."

"ಕುರಿ ಬ್ಯಾಡ್ರಿ, ನೀವೇ ಬಂದ್ ಒಂದ್ ಗುಟುಕ ಕುಡೀರಿ," ಅಂದೆ.

ಅವನು ಬರಲಿಲ್ಲ. ಆದರೆ ಆ ಮಾತು ತಾಗಿತೇನೋ, ಕಂಪನಿಯ ಎಂಜಿನಿಯರನ್ನು ಕರೆಸಿದ. ಬೀದರಿನಿಂದ ಜೀಪಿನಲ್ಲಿ ಬಂದ ಆ ಮನುಷ್ಯ ಬಾವಿಯ ಹತ್ತಿರ ಬರುವ ಮುಂಚೆ ತಲೆಗೆ ಹೆಲ್ಮೆಟ್ ಹಾಕಿಕೊಂಡ. ಆಕಾಶ ಕಳಚಿ ಬೀಳುತ್ತದೆ ಅಂತಲೋ ಏನೋ. ಬಗ್ಗಿ ನೋಡಿ, ಬಾಟಲಿಯಲ್ಲಿ ನೀರು ತುಂಬಿಕೊಂಡು, ಜೊತೆಗೆ ಬಂದವನಿಗೆ ಹೇಳುತ್ತ ಹೋದ. ಪೊರೆಗೆ ಶೀನ್ ಅಂದ. ಸೋರಿಕೆಗೆ ಸಸ್ಪೆಕ್ಟೆಡ್ ಸೀಪೇಜ್ ಅಂದ. ಮೇಲಿನ ಪಂಪು ಸೋರ್ಸ್, ನಡುವಿನ ಮುರುಮು ನೆಲ ಪಾತ್‌ವೇ, ಕೆಳಗಿನ ನಮ್ಮ ಬಾವಿ ರಿಸೆಪ್ಟರ್. ಪೆಟ್ರೋಲು ಸೋರಿ ನೀರು ಕೆಟ್ಟಿದೆ ಎಂಬ ಮಾತು ಅವನ ಬಾಯಿಂದ ಬರಲೇ ಇಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವರಿಗೆ ಕಾಲೇಜಿನಲ್ಲಿ ಕಲಿಸುತ್ತಾರೆಂದು ಕಾಣುತ್ತದೆ.

ಅವ್ವ ನನ್ನ ಸೆರಗು ಜಗ್ಗಿದಳು. "ಬಾವಿಗಿ ಏನಂದ ಅಂವ?"

"ರಿಸೆಪ್ಟರ್ ಅಂತ. ಮ್ಯಾಲಿಂದ ಬಂದದ್ದು ತಗೊಳ್ಳಾದು."

"ನಾವೇನ್ ಬೇಡೇವೇನು ಅವ್ರಿಗಿ?"

ಅದನ್ನು ಎಂಜಿನಿಯರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಬೇರೆಯದನ್ನು ಕೇಳಿದೆ. "ಸರ್, ನಿಮ್ಮ ಟ್ಯಾಂಕಿನ್ಯಾಗ ಒಂದ್ ಬೆರಳ ನೀರ ಬಂದ್ರ ಏನ್ ಮಾಡ್ತೀರಿ?"

"ಸೇಲ್ ಬಂದ್ ಮಾಡಸ್ತೇವ್ರಿ. ನಿಮಗ ಗೊತ್ತೇ ಅದಲ್ರಿ ಮೇಡಂ."

"ನಮ್ಮ ನೀರಾಗ ನಿಮ್ಮ ಪೆಟ್ರೋಲ್ ಬಂದ್ರ?"

ಅವನು ಬಾಟಲಿಯ ಬಿರಡೆ ತಿರುಗಿಸುತ್ತ ನಿಂತ. "ಮಾನಿಟರ್ ಮಾಡ್ತೇವ್ರಿ," ಅಂದ.

ನನಗೆ ಆ ಮನುಷ್ಯನ ಮೇಲೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆ ಬಂತು. ಅವನು ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅವನ ಒಂದೊಂದು ಮಾತೂ ಸರಿಯಾಗೇ ಇತ್ತು, ನನಗೆ ಒಂದೊಂದರ ಅರ್ಥವೂ ಗೊತ್ತಿತ್ತು. ಅಷ್ಟೂ ಮಾತು ಮುಗಿದಾಗ ಅಲ್ಲಿ ತಪ್ಪು ಮಾಡಿದವರೇ ಯಾರೂ ಇರಲಿಲ್ಲ. ಇಂಥ ಮಾತುಗಳನ್ನು ಇದೇ ಅಂಗಳದಲ್ಲಿ ಮೆರೆದು ಆಡಿದ್ದು ನೆನಪಾಗಿ ಬಾಯಿ ಕಹಿಯಾಯಿತು.

ಸಂಜೆಯೊಳಗೆ ಎರಡು ಕೆಲಸವಾಯಿತು. ಬಾವಿಕಟ್ಟೆಗೆ ಒಂದು ತಗಡಿನ ಬೋರ್ಡು ಬಿತ್ತು: ಇಲ್ಲಿ ಬೆಂಕಿ, ದೀಪ, ಬೀಡಿ ನಿಷೇಧ. ಪೆಟ್ರೋಲಿನ ಆವಿ ನಿಂತಿರಬಹುದು, ಕಡ್ಡಿ ಗೀರಿದರೆ ಹೊತ್ತಿಕೊಳ್ಳಬಹುದು, ಆದ್ದರಿಂದ ನಮ್ಮ ಬಾವಿ ಈಗ ಹಜಾರ್ಡಸ್ ಏರಿಯಾ. ಎರಡನೆಯದು, ಮಾಲೀಕ ಟಂಟಂ ಗಾಡಿಯಲ್ಲಿ ಫಿಲ್ಟರ್ ನೀರಿನ ಕ್ಯಾನುಗಳನ್ನು ಕಳಿಸಿದ. ಮೂಗಿಗೆ ತುಪ್ಪ ಸವರುವುದು ಅನ್ನುತ್ತಾರಲ್ಲ, ಇವನು ನೀರು ಸವರಿದ. ದೋಣಿಗೆ ಆ ನೀರು ಸುರಿದರೆ ಕುರಿಗಳು ಕುಡಿದವು. ಪಾಪ, ಅವಕ್ಕೇನು ಗೊತ್ತು.

ಗಂಗಿಪೂಜೆ ನಿಲ್ಲಿಸೋಣ ಅಂದೆ. ಅವ್ವ ಒಪ್ಪಲಿಲ್ಲ. ಪಕ್ಕದ ಹೊಲದ ಬಾವಿಗೆ ಹೋಗೋಣ ಅಂದದ್ದಕ್ಕೆ, "ನಮ್ ಗಂಗಿ ಜಡ್ಡಿಗಿ ಬಿದ್ದಾಳಂತ ಮಂದಿ ಗಂಗಿಗಿ ಸೀರಿ ಉಡಸ್ಬೇಕೇನು?" ಅಂದಳು. ಓಣಿಯ ಹೆಂಗಸೊಬ್ಬಳು ಕ್ಯಾನನ್ನೇ ಮಣೆಯ ಮೇಲಿಟ್ಟು ಪೂಜೆ ಮಾಡಿದರಾಯಿತು ಎಂದಳು. ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವ್ವ ಆಕೆಯ ಕಡೆ ನೋಡಿದ ನೋಟಕ್ಕೆ ಆಕೆ ತಾಂಬೂಲಕ್ಕೂ ನಿಲ್ಲದೆ ಹೋದಳು.

ಕೊನೆಗೆ ಬಾವಿಗೇ ಹೋದೆವು. ತಂಗಿ ತಲೆಗೆ ಕುಂಚಿಗೆ ಕಟ್ಟಿಕೊಂಡು, ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಮುಂದೆ, ನಾನು ಕೂಸನ್ನು ಎತ್ತಿಕೊಂಡು ಹಿಂದೆ. ಅವ್ವ ಕಟ್ಟೆಯ ಮೇಲೆ ಹರಳುಕಲ್ಲು ಜೋಡಿಸಿ ಸುಣ್ಣ ಹಚ್ಚಿದಳು, ಅರಿಶಿನ ಕುಂಕುಮ ಏರಿಸಿದಳು. ಆರತಿ ತಟ್ಟೆಯಲ್ಲಿ ಹಣತೆ, ಹಣತೆಯಲ್ಲಿ ಎಣ್ಣೆ, ಎಣ್ಣೆಯಲ್ಲಿ ಬತ್ತಿ ಎಲ್ಲ ಇತ್ತು. ಹಚ್ಚಲಿಲ್ಲ. ಹಚ್ಚದ ದೀಪದ ತಟ್ಟೆಯನ್ನು ತಂಗಿ ಬಾವಿಗೆ ಬೆಳಗಿದಳು. ಕೂಸಿಗೆ ವಾಸನೆ ಬಡಿದು ಸೀನಿತು, ನಾನು ಹಟ್ಟಿಯ ಗೋಡೆಯ ತನಕ ಹಿಂದೆ ಸರಿದು ನಿಂತೆ.

ಇನ್ನು ನೀರು ಸೇದುವುದು. ಅವ್ವ ಒಂದು ಗಳಿಗೆ ಹಗ್ಗದ ಮೇಲೆ ಕೈಯಿಟ್ಟಳು, ತೆಗೆದಳು. ಕಟ್ಟೆಯ ಮರೆಗೆ ಇಟ್ಟಿದ್ದ ಕ್ಯಾನನ್ನು ಬಗ್ಗಿಸಿ ತಾಮ್ರದ ಕೊಡ ತುಂಬಿದಳು. ಕೊಡವನ್ನು ಬಾವಿಯ ಮೇಲೆ ಒಮ್ಮೆ ಹಿಡಿದು, ಈಗಷ್ಟೇ ಸೇದಿ ತಂದಂತೆ ತಂಗಿಯ ಸೊಂಟಕ್ಕೆ ಏರಿಸಿದಳು. ತಂಗಿ ಅಳುತ್ತಿದ್ದಳು. "ಅಳಬ್ಯಾಡ, ಹಾಲ ಕೆಡ್ತದ," ಅಂದಳು ಅವ್ವ. ಯಾರೂ ಯಾರ ಮುಖವನ್ನೂ ನೋಡದೆ ಮನೆಗೆ ಬಂದೆವು. ನನ್ನ ಜನ್ಮದಲ್ಲಿ ಇಷ್ಟು ಹೊಲಸು ಸುಳ್ಳನ್ನು ನಾನು ಕಂಡಿರಲಿಲ್ಲ. ಅದನ್ನು ಆಡಿದ್ದು ಸುಳ್ಳೇ ಬಾರದ ನನ್ನ ಅವ್ವ, ಆಡಿಸಿದವರು ಏರಿನ ಮೇಲೆ ದೀಪ ಉರಿಸಿಕೊಂಡು ಕೂತಿದ್ದರು.

ಮಾನಿಟರ್ ಮಾಡುತ್ತೇವೆ ಅಂದವನು ಮತ್ತೆ ಬಂದಿಲ್ಲ. ಬಾಟಲಿಯ ನೀರಿಗೆ ಏನಾಯಿತೆಂದು ಕಂಪನಿಯವರನ್ನು ಕೇಳಿದರೆ, ಟ್ರೇಸ್ ಸಿಕ್ಕಿದೆ, ಅಂದರೆ ಲವಲೇಶ, ಮೇಲೆ ಕಳಿಸಿದ್ದೇವೆ ಎನ್ನುತ್ತಾರೆ. ಅವ್ವ ಈಗಲೂ ಬೆಳಿಗ್ಗೆ ಒಂದು ಕೊಡ ಸೇದಿ ದೋಣಿಗೆ ಸುರಿದು, ಕುರಿಗಳನ್ನು ಬಿಟ್ಟು ನೋಡುತ್ತಾಳಂತೆ. ಅವು ಮೂಸಿ ತಿರುಗಿದ ಮೇಲೆ ದೋಣಿ ಚೆಲ್ಲಿ ತೊಳೆದು ಕ್ಯಾನು ತರುತ್ತಾಳಂತೆ.

ಪೂಜೆಯ ಮಾರನೆಯ ಬೆಳಿಗ್ಗೆ ನಾನು ಭಾಲ್ಕಿಯಲ್ಲಿ ಕೆಲಸಕ್ಕೆ ಹಾಜರಾದೆ. ಹುಡುಗರು ಕೋಲಿಗೆ ಪೇಸ್ಟು ಸವರಿ, ಟ್ಯಾಂಕಿಗೆ ಇಳಿಸಿ, ಮೇಲೆ ಎಳೆದು ನನ್ನ ಮುಂದೆ ಹಿಡಿದರು. ಎಲ್ಲೂ ಕೆಂಪಾಗಿರಲಿಲ್ಲ. ಎಲ್ಲರ ಮುಖದಲ್ಲಿ ಸಮಾಧಾನ. ಒಂದು ಹನಿ ನೀರೂ ಸೇರದ ಹಾಗೆ ನಮ್ಮ ಪೆಟ್ರೋಲು ಶುದ್ಧವಾಗಿತ್ತು.