ಖಾಲಿ ಬಿಟ್ಟ ಸಾಲು

ಸೇಡಂನ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಒಂದು ವರ್ಷ ಆ ಕೆಲಸ ಮುಂದುವರಿಯಲಿಲ್ಲ. ಚಿತ್ತಾಪುರದ ಮನೆಯಲ್ಲಿ ಕುಳಿತು ಎಲ್ಲರ ಮೇಲೂ ಸಿಡುಕುತ್ತಿದ್ದಾಗ ಒಂದು ಸೇವಾಸಂಸ್ಥೆಯವರು ಬರೆಯುವ ಕೆಲಸ ಕೊಟ್ಟರು. ಅವರ ವ್ಯಾನು ತಿಂಗಳಿಗೊಮ್ಮೆ ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಓಣಿಗಳಿಗೆ ಹೋಗಿ, ಕಲ್ಲಿನ ಧೂಳಿನಲ್ಲಿ ದುಡಿದವರ ಉಸಿರು ಪರೀಕ್ಷಿಸಿ ಔಷಧ ಕೊಡುತ್ತಿತ್ತು. ಒಂದು ಕೊಳವೆಗೆ ಜೋರಾಗಿ ಊದಬೇಕು. ಮುಳ್ಳು ಎಷ್ಟಕ್ಕೆ ನಿಂತಿತೋ ಅದನ್ನು ನರ್ಸ್ ರಿಜಿಸ್ಟರಿನಲ್ಲಿ ಬರೆಯುತ್ತಾರೆ.

ಆ ಅಂಕಿಗಳಿಂದ ಸರಾಸರಿ, ಮಧ್ಯಾಂಕ ತೆಗೆಯುವ ಚಿಕ್ಕ ಸಾಧನವೊಂದನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ಅದನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್. ಸಾಧನದ ವಿವರಣೆ ಓದಿಕೊಂಡು, ಅಂಕಿಗಳನ್ನು ತಾನೇ ಅದಕ್ಕೆ ಕೊಟ್ಟು, ವ್ಯಾನು ಯಾವ ಓಣಿಗೆ ಹೋಗಬೇಕು, ಯಾವುದನ್ನು ಬಿಟ್ಟರೂ ನಡೆದೀತು ಎಂದು ಅದು ವರದಿ ಕೊಡುತ್ತದೆ. ಆ ವಿವರಣೆ ಬರೆಯುವುದು ನನ್ನ ಪಾಲಿಗೆ ಬಂತು.

ನನಗೋ ಮೊದಲಿನಿಂದಲೂ ಚುಟುಕಾಗಿ, ಖಚಿತವಾಗಿ ಬರೆಯುತ್ತೇನೆಂಬ ಜಂಬ. ಒಂದೊಂದು ವಾಕ್ಯವನ್ನೂ ಅಳೆದು ತೂಗಿ ಬರೆದೆ. ಯಾವ ಲೆಕ್ಕವನ್ನು ಯಾವಾಗ ಮಾಡಬೇಕು, ಅಂಕಿಗಳನ್ನು ಹೇಗೆ ಕೊಡಬೇಕು, ಉತ್ತರವನ್ನು ಹೇಗೆ ಓದಬೇಕು. ರಿಜಿಸ್ಟರಿನಲ್ಲಿ ಅಲ್ಲಲ್ಲಿ ಸಾಲುಗಳು ಖಾಲಿ ಇದ್ದವು. ವಾಡಿಯ ಒಂದು ಹಾಳೆ ತರಿಸಿ ನೋಡಿದೆ. ಅಲ್ಲಿ ಹೆಸರಿನ ಮುಂದೆ ಖಾಲಿ ಇದ್ದವರೆಲ್ಲ ಅಂದು ಬಾರದವರೇ. ಅಷ್ಟು ಸಾಕಾಯಿತು ನನಗೆ. ‘ಖಾಲಿ ಸಾಲುಗಳನ್ನು ಕೈಬಿಟ್ಟು ಲೆಕ್ಕ ಮಾಡು’ ಎಂದು ಬರೆದು, ಚಹಾ ಕುಡಿಯಲು ಎದ್ದೆ.

ಶಹಾಬಾದಿನಲ್ಲಿ ನನ್ನ ಸೋದರಮಾವ ಇದ್ದ. ವಯಸ್ಸೆಲ್ಲ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿದೇ ಕಳೆದವನು. ನಾನು ಚಿಕ್ಕವಳಿದ್ದಾಗ ಒಡೆದ ಫರ್ಸಿಯೊಂದನ್ನು ಗೋಡೆಗೆ ಆನಿಸಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಮಗ್ಗಿ ಬರೆಸಿದವನು ಅವನೇ. ಕೊನೆಕೊನೆಗೆ ಅಂಗಳದಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದ. ವ್ಯಾನಿನವರು ಕೊಡುವ ಔಷಧದ ಮೇಲೆಯೇ ಅವನ ಜೀವ ನಿಂತಿತ್ತು.

ಮೊದಲ ವರದಿ ಬಂತು. ಶಹಾಬಾದಿನ ಅವನ ಓಣಿಯ ಸರಾಸರಿ ಹಿಂದಿನದಕ್ಕಿಂತ ಏರಿತ್ತು. ಅಲ್ಲಿಯ ವ್ಯಾನನ್ನು ಚಿಂಚೋಳಿ ಕಡೆಗೆ ಕಳಿಸಬಹುದು ಎಂದಿತ್ತು. ಹೇಳಲು ಈಗಲೂ ನಾಚಿಕೆಯಾಗುತ್ತದೆ, ನನಗೆ ಖುಷಿಯಾಗಿತ್ತು. ಭಾನುವಾರ ರೈಲು ಹತ್ತಿ ಹೋಗಿ ಅವನಿಗೇ ಹೇಳಿದೆ.

“ಮಾಮಾ, ನಿಮ್ಮ ಓಣಿ ಸುಧಾರಸ್ಯಾದ. ಲೆಕ್ಕದಾಗ ಬಂದದ.”

ಅವನು ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. “ಹೌದೇನವ್ವಾ? ಓಣಿ ಆರಾಮ ಆಗ್ಯಾದಂತ? ಹಂಗಾದ್ರ ಈ ಕೆಮ್ಮು ಯಾರದು?”

ತಮಾಷೆ ಎಂದುಕೊಂಡು ನಾನೂ ನಕ್ಕೆ. ಅಂದು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ.

ವ್ಯಾನು ಆ ಓಣಿಗೆ ಬರುವುದು ನಿಂತಿತು. ಮನೆಯಲ್ಲಿದ್ದ ಔಷಧ ಮುಗಿಯಿತು. ಸರಕಾರಿ ದವಾಖಾನೆಗೆ ಹೋಗಲು ಅವನಿಗೆ ಓಣಿಯ ತುದಿಯ ಆಟೋ ತನಕವೂ ನಡೆಯಲು ಆಗುತ್ತಿರಲಿಲ್ಲ. ‘ಬರೂ ತಿಂಗಳ ವ್ಯಾನ್ ಬರ್ತದ ಬಿಡು’ ಎಂದು ಅತ್ತೆಗೆ ಹೇಳುತ್ತಿದ್ದನಂತೆ. ಎರಡನೆಯ ತಿಂಗಳು ಹೋಗಿಬಿಟ್ಟ.

ಮಣ್ಣು ಮಾಡಿದ ಮೇಲೆ ವ್ಯಾನಿನ ನರ್ಸ್ ಮಾತಾಡಿಸಲು ಬಂದರು. ಐನಾಪುರ ಕಡೆಯ ಹೆಣ್ಣುಮಗಳು, ಮೆಲುಮಾತಿನವರು. ಅವರ ಬ್ಯಾಗಿನಲ್ಲಿ ಹಳೆಯ ರಿಜಿಸ್ಟರು ಇತ್ತು. ಆ ವರದಿಯ ತಿಂಗಳ ಹಾಳೆಯಲ್ಲಿ ಮಾಮಾನ ಹೆಸರು ಹುಡುಕಿದೆ. ಹೆಸರಿನ ಮುಂದೆ ಏನೂ ಇರಲಿಲ್ಲ.

“ಅಂದು ಮಾಮಾ ಬಂದಿರಲಿಲ್ಲೇನ್ರಿ ಸಿಸ್ಟರ್?”

“ಬಂದಿದ್ರಲ್ರಿ ಮೇಡಂ. ಎಲ್ಲಾರಕಿಂತ ಮೊದಲ ಬಂದು ಕುಂತಿದ್ರು. ಮೂರು ಸಲ ನೋಡಿದ್ರು, ಊದ್ಲಿಕ್ಕ ಆಗ್ಲೇ ಇಲ್ಲ. ಮುಳ್ಳು ಸರೀಲಿಲ್ಲರಿ.”

“ಮತ್ತ ಸೊನ್ನಿ ಬರೀಬೇಕಲ್ರಿ!” ಸಾವಿನ ಮನೆ ಎಂಬುದನ್ನೂ ಮರೆತು ಕೂಗಿದೆ.

ಅವರು ನನ್ನನ್ನೇ ನೋಡಿದರು. “ಜೀವಂತ ಮನುಷ್ಯಾರ ಹೆಸರಿನ ಮುಂದ ಸೊನ್ನಿ ಹ್ಯಾಂಗ ಬರೀಲಿರಿ? ನಮ್ಮ ಕಡಿ ಪಟ್ಟಿಯೊಳಗ ಸತ್ತೋರ ಮುಂದ ಸೊನ್ನಿ ಹಾಕ್ತಾರ. ಅವರು ಎದುರಿಗೇ ಕುಂತು ನೋಡ್ಲಿಕತ್ತಿದ್ರು. ಕೈ ಬರಲಿಲ್ಲರಿ. ನಾವ್ಯಾರೂ ಬರ್ಯಂಗಿಲ್ಲ.”

ಹಾಳೆ ತಿರುವುತ್ತ ಒಬ್ಬೊಬ್ಬರದನ್ನೂ ಅವರಿಗೆ ಕೇಳುತ್ತ ಹೋದೆ. ಆ ಓಣಿಯಲ್ಲಿ ಖಾಲಿ ಬಿಟ್ಟ ಸಾಲುಗಳೆಲ್ಲ ಊದಲಾಗದವರವು. ಅವರನ್ನೆಲ್ಲ ಕೈಬಿಟ್ಟ ಮೇಲೆ ಉಳಿದದ್ದು ಗಟ್ಟಿಯಿದ್ದವರ ಉಸಿರು. ಸರಾಸರಿ ಏರದೆ ಏನು ಮಾಡೀತು? ಏಜೆಂಟಿನ ತಪ್ಪೇನೂ ಇಲ್ಲ. ಅಕ್ಷರ ಬಿಡದೆ ನನ್ನ ಮಾತು ಕೇಳಿತ್ತು. ನರ್ಸಿನದೂ ತಪ್ಪು ಎನ್ನಲಾರೆ, ಅವರು ಮನುಷ್ಯನ ಮುಖ ನೋಡಿ ಬರೆದವರು. ನಾನು ಒಂದು ಹಾಳೆ ನೋಡಿ ಬರೆದವಳು. ಶಹಾಬಾದಿನ ಹಾಳೆ ನೋಡಬೇಕೆಂದು ನನಗೆ ಅನಿಸಿರಲೇ ಇಲ್ಲ.

ಚಿತ್ತಾಪುರಕ್ಕೆ ಮರಳಿ ಆ ವಾಕ್ಯ ಅಳಿಸಿದೆ. ‘ಖಾಲಿ ಸಾಲು ಕಂಡರೆ ಲೆಕ್ಕ ನಿಲ್ಲಿಸು. ವ್ಯಕ್ತಿ ಬಂದಿರಲಿಲ್ಲವೋ, ಬಂದೂ ಊದಲಾಗಲಿಲ್ಲವೋ ಕೇಳು. ಉತ್ತರ ಸಿಗುವವರೆಗೆ ಮುಂದೆ ಹೋಗಬೇಡ’ ಎಂದು ಬರೆದೆ. ಸರಿಯಿದೆಯೋ ಇಲ್ಲವೋ ನೋಡಲು ಅದೇ ಹಳೆಯ ಹಾಳೆ ಕೊಟ್ಟೆ. ಅದು ನಿಂತಿತು. ಒಂದೊಂದೇ ಸಾಲು ಹಿಡಿದು ಕೇಳುತ್ತ ಬಂದು, ಮಾಮಾನ ಹೆಸರಿಗೂ ಅಷ್ಟೇ ಸೌಜನ್ಯದಿಂದ ಕೇಳಿತು. ‘ಬಂದಿದ್ದರು. ಊದಲಾಗಲಿಲ್ಲ’ ಎಂದು ಬರೆದೆ. ಧನ್ಯವಾದ ಹೇಳಿ ಮುಂದಿನ ಸಾಲಿಗೆ ಹೋಯಿತು.

ಹೊಸ ವರದಿಯಲ್ಲಿ ಎಲ್ಲಕ್ಕಿಂತ ಮೊದಲು ಆ ಓಣಿಯೇ ಇತ್ತು. ವ್ಯಾನು ಮತ್ತೆ ಹೋಯಿತು. ಅಂದು ಬೆಳಿಗ್ಗೆ ನರ್ಸ್ ಫೋನು ಮಾಡಿದರು. ಹೆಸರುಗಳ ಪಟ್ಟಿ ಹಳೆಯದೇ, ಮಾಮಾನ ಹೆಸರೂ ಅದರಲ್ಲೇ ಉಳಿದಿತ್ತು.

“ಮೇಡಂ, ಇವರ ಮುಂದ ಈಗ ಸೊನ್ನಿ ಹಾಕ್ಲೇನ್ರಿ?”

“ಬ್ಯಾಡ್ರಿ. ಖಾಲೀನೇ ಬಿಡ್ರಿ ಸಿಸ್ಟರ್. ಕಂಪ್ಯೂಟರ್ ಕೇಳ್ತದ. ನಾನೇ ಹೇಳ್ತೀನಿ.”