ಆಶೀರ್ವಾದ ನಾನೇ ಕೊಟ್ಟ ಭಾನುವಾರ

ನಮ್ಮ ಪಾಸ್ಟರ್ ಪ್ರಾರ್ಥನೆಗೆ ನಿಂತರೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ‘ಪರಲೋಕ’ ಅನ್ನುವುದನ್ನು ಆಳಂದದಿಂದ ಅಫಜಲಪುರದ ತನಕ ಎಳೆಯುತ್ತಾರೆ. ಅವರಿಗಿಂತ ಚೆನ್ನಾಗಿ ನಾನು ಎಳೆಯುತ್ತೇನೆ. ಜಂಬವಲ್ಲ, ಇದು ನನ್ನ ರೋಗ. ಅವ್ವನ ಸಿಟ್ಟು, ಕಂಡಕ್ಟರನ ಮೂಗು ಎಲ್ಲ ನನ್ನ ಬಾಯಲ್ಲಿ ಬಾಡಿಗೆಗಿದ್ದವು. ಹದಿನಾರರ ನನ್ನ ಒಡಕು ಗಂಟಲಿಗೆ ಮಾತ್ರ ಜಾಗವಿರಲಿಲ್ಲ.

ಇಂಥವನನ್ನು ಪಾಸ್ಟರ್ ಚರ್ಚಿನ ಯೂತ್ ಲೀಡರ್ ಮಾಡಿದರು. ಅವ್ವ ಓಣಿಗೆಲ್ಲ ಚಹಾ ಕುಡಿಸಿದಳು. ಲೀಡರ್‌ಗಿರಿ ಎರಡು ವಾರ ಬಾಳಿತು.

ಮೂರನೇ ಭಾನುವಾರ ಪಾಸ್ಟರ್ ಪಕ್ಕದ ಊರು ಹಿರೋಳ್ಳಿಯ ಆರಾಧನೆ ಮುಗಿಸಿ ಬೈಕಿನಲ್ಲಿ ಬರುವುದು ತಡವಾಯಿತು. ಗೊತ್ತಿದ್ದ ಹಾಡೆಲ್ಲ ಹಾಡಿ ಮುಗಿಸಿ, ಗೆಳೆಯನ ಜೊತೆ ಒಳಕೋಣೆಗೆ ಹೋದೆ.

“ಪಾಸ್ಟರ್ ಆಶೀರ್ವಾದ ಕೊಟ್ಟಂಗ ಮಾಡು ನೋಡೋಣು,” ಅಂದ.

ಕೈಯಲ್ಲಿದ್ದ ಮೈಕು ಬಂದ್ ಆಗಿದೆ ಅಂದುಕೊಂಡು, ಕಣ್ಣು ಮುಚ್ಚಿ, ಗಂಟಲು ಸರಿಮಾಡಿ, ಪೂರ್ತಿ ಆಶೀರ್ವಾದ ಕೊಟ್ಟೇಬಿಟ್ಟೆ.

ಹೊರಗಿನಿಂದ ದೊಡ್ಡದೊಂದು ‘ಆಮೆನ್’ ಬಂತು.

ಆಶೀರ್ವಾದವಾಯಿತೆಂದರೆ ಆರಾಧನೆ ಮುಗಿಯಿತು. ಆಮೇಲೆ ನಮ್ಮಲ್ಲಿ ಯಾರೂ ಕೂರುವುದಿಲ್ಲ. ನಾನು ಓಡಿ ಬರುವಷ್ಟರಲ್ಲಿ ಅರ್ಧ ಸಭೆ ಚಪ್ಪಲಿ ಮೆಟ್ಟಿತ್ತು.

“ಇವತ್ತ ಪಾಸ್ಟರ್ ಪ್ರಸಂಗ ಮಾಡಂಗಿಲ್ಲೇನ್ರಿ?”

“ಇಲ್ಲಂತ ಕಾಣ್ತದ. ಚಲೋನೇ ಆತು, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ.”

ಪಾಸ್ಟರ್ ಬೈಕು ಗೇಟಿಗೆ ಬಂದಾಗ ಅವರ ಸಭೆಯೇ ಎದುರಾಗಿ ಬರುತ್ತಿತ್ತು.

ಚರ್ಚಿನ ಹಿರಿಯರು ಅಂದೇ ನನ್ನನ್ನು ಲೀಡರ್ ಸ್ಥಾನದಿಂದ ಇಳಿಸಿದರು. ಅವ್ವ ಮೂರು ದಿನ ಮಾತು ಬಿಟ್ಟಳು. ಅವಳ ಆ ಮೌನವನ್ನು ಮಾತ್ರ ನನಗೆ ನಕಲು ಮಾಡಲಾಗಲಿಲ್ಲ. ಲೀಡರ್‌ಗಿರಿ ಎಷ್ಟು ಬೇಕಾಗಿತ್ತೆಂದು ತಿಳಿದದ್ದೇ ಅದು ಹೋದ ಮೇಲೆ.

ತಿಂಗಳ ಮೇಲೆ ಪಾಸ್ಟರ್ ಕರೆದರು. “ಬರೋ ಐತವಾರ ಹಿರೋಳ್ಳಿಯಾಗ ಹುಡುಗರ ಆರಾಧನೆ ನೀನ ನಡಸು. ಚಂದಾಗಿ ನಡಸಿದ್ರ ಮತ್ತ ಲೀಡರ್ ಮಾಡ್ರಂತ ಹಿರಿಯರಿಗಿ ನಾ ಹೇಳ್ತೇನಿ. ಒಂದ ಕರಾರು, ನಿನ್ನ ಧ್ವನಿಲೇ ಮಾತಾಡಬೇಕು.”

“ಅದು ಹ್ಯಾಂಗ ಇರ್ತದ್ರಿ?”

“ಯಾರಿಗಿ ಗೊತ್ತು? ಕೇಳೋಣು.”

ಹಿರೋಳ್ಳಿಯಲ್ಲಿ ಕೇಳಿದೆವು. ಮೊದಲ ಪ್ರಾರ್ಥನೆಯಲ್ಲೇ ನನ್ನ ಗಂಟಲು ಎರಡು ಸಲ ಮೇಕೆಯಾಯಿತು. ಪಾಸ್ಟರ್ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿದ್ದರು. ಭಕ್ತಿಯೋ, ನಗುವೋ, ದೇವರಿಗೇ ಗೊತ್ತು.

ಆಮೇಲೆ ಹನ್ನೆರಡರ ಹುಡುಗಿಯೊಬ್ಬಳು ಬಾಯಿಪಾಠದ ಬೈಬಲ್ ವಚನ ಹೇಳಲು ನಿಂತಳು. ನಡುವೆ ಸಿಕ್ಕಿಕೊಂಡಳು. “ಆ... ಆ...” ಹಿಂದಿನ ಹುಡುಗರು ಕಿಸಕ್ಕೆಂದರು. ಆ ‘ಆ... ಆ...’ ನನ್ನ ನಾಲಿಗೆಯ ಮೇಲೆ ತಯಾರಾಗಿ ಕುಳಿತಿತ್ತು. ಬಿಟ್ಟಿದ್ದರೆ ಚರ್ಚಿಗೆ ಚರ್ಚೇ ನಗುತ್ತಿತ್ತು. ನುಂಗಿದೆ. ಕಹಿ ಗುಳಿಗೆ ನುಂಗಿದ ಹಾಗಾಯಿತು.

“ತಂಗಿ, ನೀ ಬರೇ ಒಂದ ಸಾಲ ಮರ್ತಿ. ನಾ ಪ್ರಸಂಗಕ್ಕ ಮೊದಲ ಇಡೀ ಸಭೆನೇ ಮನೀಗಿ ಕಳ್ಸೀನಿ. ಮೊದಲಿಂದ ಹೇಳು, ನಾವೆಲ್ಲೂ ಹೋಗಂಗಿಲ್ಲ.”

ಅವಳು ನಕ್ಕಳು. ಮೊದಲಿಂದ ಹೇಳಿದಳು, ಮುಗಿಸಿದಳು, ಯಾರೂ ಕೇಳದಿದ್ದ ಮುಂದಿನ ವಚನವನ್ನೂ ಹೇಳಿ ಗತ್ತಿನಿಂದ ಕೂತಳು.

ಹೊರಗೆ ಪಾಸ್ಟರ್ ಬೈಕಿಗೆ ಕಿಕ್ ಹೊಡೆಯುತ್ತ, “ಬರೋ ವಾರ ಜೇವರ್ಗಿ, ಲೀಡರ್,” ಅಂದರು.

ನಾನು ಖುಷಿಗೆ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆ ಹುಡುಗಿ, “ಅಣ್ಣಾ, ಜೇವರ್ಗಿಗಿ ನಾನೂ ಬರ್ಲೇನು?” ಅಂದಳು.

“ಬಾ,” ಅಂದೆ, “ಶುರುದಾಗಿನ ಪ್ರಾರ್ಥನಾ ನೀನ ಮಾಡು.”